ಕೆಲಸದ ಜೊತೆಗೇ ಐಟಿ ರಿಟರ್ನ್ ಫೈಲಿಂಗ್: ಮೈಸೂರು, ಮಂಡ್ಯದಲ್ಲಿ ಸಣ್ಣದಾಗಿ ಶುರು ಮಾಡುವವರಿಗೆ ಸಮಗ್ರ ಮಾರ್ಗದರ್ಶಿ

ಜೂನ್ ಅರ್ಧ ಕಳೆಯಿತು ಅಂದರೆ ಮೈಸೂರಿನ ಆಫೀಸು, ಶಾಲೆ, ಫ್ಯಾಕ್ಟರಿಗಳಲ್ಲಿ ಒಂದೇ ಮಾತು. ‘ಫಾರಂ 16 ಬಂತಾ? ಯಾರ ಹತ್ರ ಮಾಡಿಸ್ತೀರಾ?’ (ಫಾರಂ 16 ಅಂದರೆ ವರ್ಷದ ಸಂಬಳ, ಅದರಲ್ಲಿ ಹಿಡಿದ ತೆರಿಗೆಯ ವಿವರ ಇರುವ ಪತ್ರ.) ಜುಲೈ ಕೊನೆಯ ವಾರದಲ್ಲಿ ದೊಡ್ಡ ಆಡಿಟರ್ ಆಫೀಸುಗಳಲ್ಲಿ ಫೋನ್ ಎತ್ತುವುದೂ ಕಷ್ಟ. ಅವರಿಗೆ ಕಂಪನಿ, ಟ್ರಸ್ಟ್, ಜಿಎಸ್‌ಟಿ ಕೆಲಸವೇ ಕೈತುಂಬಾ ಇರುತ್ತದೆ. ಪಿಂಚಣಿ ಮತ್ತು ಎರಡು ಎಫ್‌ಡಿ ಇರುವ ನಿವೃತ್ತ ಮೇಷ್ಟ್ರ ಜೊತೆ ಅರ್ಧ ಗಂಟೆ ಕೂರುವ ಪುರುಸೊತ್ತು ಅವರಿಗೆಲ್ಲಿ? ಸಣ್ಣದಾಗಿ ಶುರು ಮಾಡುವವರಿಗೆ ಜಾಗ ಇರುವುದು ಅಲ್ಲೇ.

ಬಿಕಾಂ ಓದಿ ಎಲ್ಲೋ ಅಕೌಂಟ್ಸ್ ನೋಡಿಕೊಳ್ಳುತ್ತಿರುವವರು, ಬ್ಯಾಂಕಿನಿಂದ ನಿವೃತ್ತರಾದವರು, ಮನೆಯಲ್ಲಿದ್ದುಕೊಂಡೇ ಏನಾದರೂ ಮಾಡೋಣ ಅನ್ನುವ ಗೃಹಿಣಿಯರು, ಇಂಥವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಫಾರಂ ತುಂಬುವುದಕ್ಕೆ ಯಾರೂ ದುಡ್ಡು ಕೊಡಬೇಕಾಗಿಲ್ಲ. ಈಗ ಆದಾಯ ತೆರಿಗೆ ಇಲಾಖೆಯ ಪೋರ್ಟಲ್ಲಿನಲ್ಲಿ ಅರ್ಧ ಫಾರಂ ತಾನೇ ತುಂಬಿಕೊಂಡು ಬರುತ್ತದೆ. ಜನರ ಕೈಲಿರುವ ಕಾಗದವನ್ನೂ ಇಲಾಖೆಯ ಹತ್ತಿರ ಇರುವ ಲೆಕ್ಕವನ್ನೂ ಪಕ್ಕಪಕ್ಕ ಇಟ್ಟು ತಾಳೆ ನೋಡಿಕೊಡುತ್ತೀರಲ್ಲ, ನಿಮ್ಮ ಫೀಸು ಅದಕ್ಕೆ. ಮುಂದಿನ ಪ್ರತಿ ಹೆಜ್ಜೆಯೂ ಈ ತಾಳೆಯ ಸುತ್ತಲೇ ಇದೆ.

ಮೊದಲು, ನೀವು ಈ ಕೆಲಸ ಮಾಡಬಹುದಾ?

ಬೇರೆಯವರ ರಿಟರ್ನ್ ತಯಾರು ಮಾಡಿಕೊಡುವುದಕ್ಕೆ ಲೈಸೆನ್ಸ್ ಏನೂ ಬೇಕಿಲ್ಲ. ಆದರೆ ಆಡಿಟ್ ವರದಿ, ಸರ್ಟಿಫಿಕೇಟ್ ಇವೆಲ್ಲ ಚಾರ್ಟರ್ಡ್ ಅಕೌಂಟೆಂಟರ ಕೆಲಸ. ಅದಕ್ಕೆ ಕೈ ಹಾಕಬೇಡಿ. ನಮ್ಮ ಕಡೆ ತೆರಿಗೆ ಕೆಲಸ ಮಾಡುವ ಎಲ್ಲರನ್ನೂ ಜನ ‘ಆಡಿಟರ್ ಸಾರ್’ ಅಂತಲೇ ಕರೆಯುತ್ತಾರೆ. ಕರೆಯುವವರನ್ನು ತಡೆಯಲಾಗುವುದಿಲ್ಲ. ಆದರೆ ಬೋರ್ಡು, ವಿಸಿಟಿಂಗ್ ಕಾರ್ಡು, ವಾಟ್ಸಾಪ್ ಪ್ರೊಫೈಲಿನಲ್ಲಿ ‘ಸಿಎ’ ಅಥವಾ ‘ಆಡಿಟರ್’ ಅಂತ ನೀವು ಹಾಕಿಕೊಳ್ಳುವಂತಿಲ್ಲ. ಸಿಎ ಅಲ್ಲದವರು ಹಾಗೆ ತೋರಿಸಿಕೊಳ್ಳುವುದು 1949ರ ಚಾರ್ಟರ್ಡ್ ಅಕೌಂಟೆಂಟ್ಸ್ ಕಾಯ್ದೆಯ ಪ್ರಕಾರ ಅಪರಾಧ. ‘ಆದಾಯ ತೆರಿಗೆ ರಿಟರ್ನ್ ಸೇವೆ’ ಅಂತ ಬರೆದರೆ ಸಾಕು.

ನೀವು ಸರ್ಕಾರಿ ನೌಕರರೋ, ಸರ್ಕಾರಿ ಶಾಲೆಯ ಶಿಕ್ಷಕರೋ ಆಗಿದ್ದರೆ ನಡತೆ ನಿಯಮಗಳ ಪ್ರಕಾರ ಅನುಮತಿ ಇಲ್ಲದೆ ಬೇರೆ ವ್ಯವಹಾರ ಮಾಡುವಂತಿಲ್ಲ. ಹೆಂಡತಿ ಹೆಸರಲ್ಲಿ ಬೋರ್ಡು ಹಾಕಿ ಕೆಲಸ ತಾವೇ ಮಾಡುವುದು ಊರಲ್ಲಿ ನಡೆಯುತ್ತದೆ. ನಾನಂತೂ ಬೇಡ ಅನ್ನುತ್ತೇನೆ. ಖಾಸಗಿ ಕಂಪನಿಯಲ್ಲಿದ್ದರೆ ನೇಮಕಾತಿ ಪತ್ರದಲ್ಲಿ ಬೇರೆ ಕೆಲಸದ ಬಗ್ಗೆ ಏನು ಬರೆದಿದೆ ಅಂತ ಇವತ್ತೇ ತೆಗೆದು ಓದಿ.

ಇನ್ನೊಂದು ವಿಷಯ ಬಹಳ ಜನರ ತಲೆಗೆ ಬರುವುದೇ ಇಲ್ಲ. ಈ ಆದಾಯ ಶುರುವಾದ ವರ್ಷದಿಂದ ನಿಮ್ಮ ಸ್ವಂತ ರಿಟರ್ನ್ ಬದಲಾಗುತ್ತದೆ. ಸಂಬಳದವರ ಸರಳ ಫಾರಂ ಐಟಿಆರ್-1 ಹಾಕುವಂತಿಲ್ಲ, ವ್ಯವಹಾರದವರ ಐಟಿಆರ್-3 ಅಥವಾ 4 ಬೇಕು. ತೆರಿಗೆ ಲೆಕ್ಕಕ್ಕೆ ಎರಡು ಪದ್ಧತಿ ಇವೆ: ಕಡಿತಗಳು ಹೆಚ್ಚು ಸಿಗುವ ಹಳೆಯದು, ದರ ಕಡಿಮೆ ಇರುವ ಹೊಸದು. ಮನೆ ಸಾಲ, ಎಲ್‌ಐಸಿ ಅಂತ ಹಳೆಯ ಪದ್ಧತಿಯಲ್ಲೇ ಇದ್ದೀರಾ? ಬರೀ ಸಂಬಳದವರು ಪ್ರತಿ ವರ್ಷ ಹಳೆಯದು, ಹೊಸದು ಅಂತ ಬದಲಾಯಿಸಿಕೊಳ್ಳಬಹುದು. ವ್ಯವಹಾರದ ಆದಾಯ ಇದ್ದವರಿಗೆ ಆ ಸ್ವಾತಂತ್ರ್ಯ ಇಲ್ಲ. ಗಡುವಿನೊಳಗೆ ಫಾರಂ 10-ಐಇಎ ಕೊಟ್ಟು ಹಳೆಯದಕ್ಕೆ ಹೋಗಬೇಕು. ಒಮ್ಮೆ ಹೊಸದಕ್ಕೆ ವಾಪಸ್ ಬಂದರೆ, ಆ ವ್ಯವಹಾರ ಇರುವ ತನಕ ಮತ್ತೆ ಹಳೆಯದಿಲ್ಲ. 20 ಸಾವಿರ ದುಡಿಯಲು ಹೋಗಿ ಅದಕ್ಕಿಂತ ಜಾಸ್ತಿ ತೆರಿಗೆ ಕಟ್ಟುವ ಹಾಗಾಗಬಾರದು. ಮೊದಲು ನಿಮ್ಮ ಲೆಕ್ಕ ಹಾಕಿ ನೋಡಿ.

ಎಷ್ಟು ಕಲಿತರೆ ಶುರು ಮಾಡಬಹುದು?

ಇಡೀ ಕಾಯ್ದೆ ಓದಬೇಕಾಗಿಲ್ಲ. ಮೊದಲ ವರ್ಷಕ್ಕೆ ಮೂರು ವಿಷಯ ಗಟ್ಟಿ ಇರಲಿ. ಯಾರಿಗೆ ಯಾವ ಫಾರಂ, ಹೊಸ ಮತ್ತು ಹಳೆಯ ಪದ್ಧತಿಯ ಲೆಕ್ಕ, ಎಐಎಸ್ (ಗಿರಾಕಿಯ ಆದಾಯ, ವ್ಯವಹಾರಗಳ ಬಗ್ಗೆ ಇಲಾಖೆಯ ಹತ್ತಿರ ಇರುವ ವಾರ್ಷಿಕ ಪಟ್ಟಿ) ಓದುವುದು.

ಫಾರಂ ವಿಷಯ ಹೀಗಿದೆ. ನಿವಾಸಿ ಆಗಿದ್ದು, ಒಟ್ಟು ಆದಾಯ 50 ಲಕ್ಷದೊಳಗೆ, ಸಂಬಳ ಅಥವಾ ಪಿಂಚಣಿ, ಮನೆ, ಬಡ್ಡಿ ಇಷ್ಟೇ ಇದ್ದರೆ ಐಟಿಆರ್-1. ಸೈಟು ಮಾರಿದ್ದರೆ, ಷೇರು ಮಾರಿ ದೊಡ್ಡ ಲಾಭ ಬಂದಿದ್ದರೆ ಅಥವಾ ಕೃಷಿ ಆದಾಯ 5,000 ರೂಪಾಯಿ ದಾಟಿದ್ದರೆ ಐಟಿಆರ್-2. ಪೂರ್ತಿ ಲೆಕ್ಕಪುಸ್ತಕ ಇಡದೆ ಅಂದಾಜು ಲಾಭದ ಪದ್ಧತಿಯಲ್ಲಿ ಆದಾಯ ತೋರಿಸುವ ಅಂಗಡಿಯವರು, ಗಾಡಿ ಮಾಲೀಕರು, ಸಣ್ಣ ವೃತ್ತಿಪರರಿಗೆ ಐಟಿಆರ್-4. ಪೂರ್ತಿ ಲೆಕ್ಕಪುಸ್ತಕದ ವ್ಯವಹಾರಕ್ಕೆ ಐಟಿಆರ್-3. ಪ್ರತಿ ವರ್ಷ ಇದರಲ್ಲಿ ಸಣ್ಣಪುಟ್ಟ ಬದಲಾವಣೆ ಆಗುತ್ತಿರುತ್ತದೆ. ಹೋದ ವರ್ಷದ ನೆನಪಿನಲ್ಲಿ ಫಾರಂ ಆರಿಸಬೇಡಿ.

ಸ್ಲ್ಯಾಬ್ ಬಾಯಿಗೆ ಬರಬೇಕು. 2025–26ರ ಆದಾಯಕ್ಕೆ ಹೊಸ ಪದ್ಧತಿಯಲ್ಲಿ 4 ಲಕ್ಷದ ತನಕ ತೆರಿಗೆ ಇಲ್ಲ. ಅಲ್ಲಿಂದ ಪ್ರತಿ 4 ಲಕ್ಷಕ್ಕೆ 5, 10, 15, 20, 25 ಶೇಕಡ ಅಂತ ಏರುತ್ತಾ 24 ಲಕ್ಷದ ಮೇಲೆ ಶೇ 30. ಆದಾಯ 12 ಲಕ್ಷದೊಳಗಿದ್ದರೆ ರಿಬೇಟ್ (ತೆರಿಗೆ ಮನ್ನಾ) ಸಿಕ್ಕಿ ತೆರಿಗೆ ಸೊನ್ನೆ. ಸಂಬಳ, ಪಿಂಚಣಿಯವರಿಗೆ ದಾಖಲೆ ಕೇಳದೆ ಆದಾಯದಲ್ಲಿ ಕಳೆಯುವ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಬೇರೆ. ಷೇರು, ಸೈಟಿನ ಲಾಭಕ್ಕೆ ಹಾಕುವ ವಿಶೇಷ ದರದ ತೆರಿಗೆಗೆ ಹೊಸ ಪದ್ಧತಿಯಲ್ಲಿ ಈ ರಿಬೇಟ್ ಸಿಗುವುದಿಲ್ಲ. ‘12 ಲಕ್ಷದ ತನಕ ಏನೂ ಇಲ್ಲ ಅಂತ ಟಿವಿಯಲ್ಲಿ ಹೇಳಿದ್ರಲ್ಲ’ ಅಂತ ಬರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗುತ್ತದೆ.

2026ರ ಏಪ್ರಿಲ್ 1ರಿಂದ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಗೆ ಬಂದಿದೆ. 2025–26ರ ಆದಾಯದ ರಿಟರ್ನಿಗೆ ಮಾತ್ರ 1961ರ ಕಾಯ್ದೆಯೇ. ಅದರ ಮುಂದಿನ ವರ್ಷದಿಂದ ಸೆಕ್ಷನ್ ನಂಬರ್‌ಗಳೆಲ್ಲ ಬೇರೆ. ‘ಅಸೆಸ್‌ಮೆಂಟ್ ಇಯರ್’ ಹೋಗಿ ‘ಟ್ಯಾಕ್ಸ್ ಇಯರ್’ ಬರುತ್ತದೆ. ಹಾಗಾಗಿ ನಂಬರ್ ಉರು ಹೊಡೆಯುವುದಕ್ಕಿಂತ ಯಾವ ರಿಯಾಯಿತಿ ಯಾಕೆ ಸಿಗುತ್ತದೆ ಅನ್ನುವುದನ್ನು ತಿಳಿದುಕೊಳ್ಳಿ. ಈಗ ಕಲಿಯುವವರಿಗೆ ಒಂದು ಅನುಕೂಲವೂ ಇದೆ. ಇಪ್ಪತ್ತು ವರ್ಷದ ಅನುಭವ ಇರುವವರೂ ಹೊಸ ನಂಬರುಗಳನ್ನು ನಿಮ್ಮ ಜೊತೆಗೇ ಕಲಿಯಬೇಕು.

ಅಭ್ಯಾಸಕ್ಕೆ ನಿಮ್ಮ ಮನೆಯವರ ರಿಟರ್ನ್‌ಗಳೇ ಸಾಕು. ಅಪ್ಪನ ಪಿಂಚಣಿ, ಅಕ್ಕನ ಸಂಬಳ, ಭಾವನ ಅಂಗಡಿ. ಇಲಾಖೆಯ ಉಚಿತ ಯುಟಿಲಿಟಿ (ರಿಟರ್ನ್ ತುಂಬುವ ಸಾಫ್ಟ್‌ವೇರ್) ಇಳಿಸಿಕೊಂಡು, ಸಲ್ಲಿಸದೆ, ಸುಮ್ನೆ ತುಂಬಿ ನೋಡಿ.

ಯಾರ ಕೆಲಸ ಹಿಡಿಯಬೇಕು, ಯಾರದ್ದು ಬೇಡ

ಮೈಸೂರು ನಿವೃತ್ತರ ಊರು. ಪಿಂಚಣಿದಾರರೇ ನಿಮ್ಮ ಮೊದಲ ಗಿರಾಕಿಗಳಾಗಲಿ. ಅವರ ಆದಾಯದಲ್ಲಿ ಗೋಜಲು ಕಡಿಮೆ, ಕಾಗದ ಜೋಡಿಸಿಟ್ಟಿರುತ್ತಾರೆ, ಸಮಯಕ್ಕೆ ಬರುತ್ತಾರೆ. ಎರಡನೆಯದಾಗಿ ಸಂಬಳದವರು. ಹೆಬ್ಬಾಳ, ಹೂಟಗಳ್ಳಿ, ನಂಜನಗೂಡಿನ ಕಡೆ ಕೆಲಸ ಮಾಡುವ ಹುಡುಗರಲ್ಲಿ ವರ್ಷದ ನಡುವೆ ಕೆಲಸ ಬದಲಾಯಿಸಿದವರು ಜಾಸ್ತಿ. ಅವರ ಹತ್ತಿರ ಎರಡು ಫಾರಂ 16 ಇರುತ್ತದೆ. ಎರಡೂ ಕಂಪನಿಯವರು ತೆರಿಗೆ ಇಲ್ಲದ 4 ಲಕ್ಷವನ್ನೂ 75,000ವನ್ನೂ ಬೇರೆಬೇರೆ ಬಿಟ್ಟಿರುತ್ತಾರೆ. ಕೂಡಿಸಿದಾಗ ಕೈಯಿಂದ ತೆರಿಗೆ ಕಟ್ಟಬೇಕಾಗಿ ಬರುತ್ತದೆ. ಆ ಹುಡುಗ ರೀಫಂಡ್ ಲೆಕ್ಕದಲ್ಲಿ ಬಂದಿರುತ್ತಾನೆ. ಮುಖ ನೋಡಬೇಕು ಆಗ!

ಮೊದಲ ವರ್ಷ ಬೇಡ ಅನ್ನಬೇಕಾದ ಕೆಲಸಗಳೂ ಇವೆ. ಷೇರುಪೇಟೆಯ ಫ್ಯೂಚರ್ಸ್–ಆಪ್ಷನ್ಸ್ ಆಡಿದವರು, ವಿದೇಶದಲ್ಲಿ ಆಸ್ತಿ ಅಥವಾ ಕಂಪನಿ ಷೇರು ಇರುವವರು, ಆಡಿಟ್ ಬೀಳುವಷ್ಟು ವ್ಯಾಪಾರ ಇರುವವರು, ಜಮೀನು ಮಾರಿದವರು. ರಿಂಗ್ ರೋಡ್ ಆಚೆಯ ಜಮೀನು ಮಾರಿ ‘ಕೃಷಿ ಭೂಮಿ, ತೆರಿಗೆ ಇಲ್ಲ’ ಅಂತ ಬರುವವರು ತುಂಬಾ. ಜನಸಂಖ್ಯೆ 1 ಲಕ್ಷದಿಂದ 10 ಲಕ್ಷದ ನಡುವೆ ಇರುವ ಊರಿನ ಗಡಿಯಿಂದ ನೇರ ಅಳತೆಯಲ್ಲಿ 6 ಕಿಲೋಮೀಟರ್ ಒಳಗಿನ ಜಮೀನಿಗೆ ಆ ವಿನಾಯಿತಿ ಇಲ್ಲ. 2011ರ ಜನಗಣತಿಯ ಪ್ರಕಾರ ಮೈಸೂರು, ಮಂಡ್ಯ ಎರಡೂ ಈ ಲೆಕ್ಕಕ್ಕೇ ಬರುತ್ತವೆ. ಲಕ್ಷಗಟ್ಟಲೆ ತೆರಿಗೆಯ ಪ್ರಶ್ನೆ ಇದು. ಪರಿಚಯದ ಒಬ್ಬ ಸಿಎ ಹತ್ತಿರ ಕಳಿಸಿ. ಹೀಗೆ ಕಳಿಸುತ್ತಿದ್ದರೆ ಅವರೂ ತಮಗೆ ಬೇಡವಾದ ಸಣ್ಣ ಕೆಲಸಗಳನ್ನು ನಿಮಗೆ ಕಳಿಸುತ್ತಾರೆ.

ಸಲಕರಣೆ, ನೋಂದಣಿ

ಒಂದು ಲ್ಯಾಪ್‌ಟಾಪ್, ಪ್ರಿಂಟರ್, ಸ್ಕ್ಯಾನ್ ಮಾಡಲು ಫೋನು. ಮೊದಲ ವರ್ಷ ಸಾಫ್ಟ್‌ವೇರ್ ಕೊಳ್ಳಬೇಡಿ. ಇಲಾಖೆಯ ಪೋರ್ಟಲ್ ಸಾಕು. ಗಿರಾಕಿಗಳು ನೂರು ದಾಟಿದ ಮೇಲೆ ಮಂಗಳೂರಿನ ವಿನ್‌ಮ್ಯಾನ್, ಬೆಂಗಳೂರಿನ ಸರಳ್ ಇಂಥವನ್ನು ನೋಡಬಹುದು. ಸೈಬರ್ ಸೆಂಟರಿನ ಕಂಪ್ಯೂಟರಿನಲ್ಲಿ ಮಾತ್ರ ಬೇರೆಯವರ ಪ್ಯಾನ್, ಆಧಾರ್ ತೆರೆಯಬೇಡಿ.

ಮನೆಯಿಂದಲೇ ಮಾಡುವುದಾದರೆ ಸಣ್ಣ ಉದ್ದಿಮೆಗಳಿಗೆ ಕೇಂದ್ರ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಉಚಿತವಾಗಿ ಸಿಗುತ್ತದೆ, ಕರೆಂಟ್ ಅಕೌಂಟ್ ತೆರೆಯಲು ಉಪಯೋಗಕ್ಕೆ ಬರುತ್ತದೆ. ಅಂಗಡಿ ಮಳಿಗೆ ಹಿಡಿದರೆ ಪಾಲಿಕೆ ಅಥವಾ ನಗರಸಭೆಯ ಉದ್ದಿಮೆ ಪರವಾನಗಿ, ಅಂಗಡಿ ಕಾಯ್ದೆಯ ನೋಂದಣಿ ನೋಡಿಕೊಳ್ಳಿ. ವೃತ್ತಿ ತೆರಿಗೆ ನಿಮಗೆ ಬೀಳುತ್ತದಾ ಅಂತಲೂ ವಿಚಾರಿಸಿ. ಅದು ಎಷ್ಟಾದರೂ ವರ್ಷಕ್ಕೆ 2,500 ರೂಪಾಯಿ ಮೀರುವುದಿಲ್ಲ. ಜಿಎಸ್‌ಟಿ ಚಿಂತೆ ಬೇಡ. ಸೇವೆಗೆ ಮಿತಿ ವರ್ಷಕ್ಕೆ 20 ಲಕ್ಷ, ನಿಮ್ಮ ಸಂಬಳ ಅದಕ್ಕೆ ಸೇರುವುದಿಲ್ಲ.

ಕಾಗದ ತರಿಸುವುದು

ಅರ್ಧ ಕೆಲಸ ಇಲ್ಲೇ ಮುಗಿಯುತ್ತದೆ, ಇಲ್ಲಾ ಇಲ್ಲೇ ಕೆಡುತ್ತದೆ. ‘ಏನೇನು ತರಬೇಕು ಸಾರ್?’ ಅಂದವರಿಗೆ ಫೋನಿನಲ್ಲಿ ಹೇಳಿದರೆ ಎರಡು ಬಿಟ್ಟು ಬರುತ್ತಾರೆ. ವಾಟ್ಸಾಪಿನಲ್ಲಿ ಕಳಿಸಲು ಒಂದು ಸಂದೇಶ ತಯಾರಿಟ್ಟುಕೊಳ್ಳಿ:

‘ನಮಸ್ಕಾರ. ಭಾನುವಾರ ಬರುವಾಗ ಇವು ಇರಲಿ: ಪ್ಯಾನ್, ಆಧಾರ್ ಮತ್ತು ಆಧಾರಿಗೆ ಜೋಡಿಸಿದ ಮೊಬೈಲ್ (ಕೈಯಲ್ಲೇ ಇರಬೇಕು, ಒಟಿಪಿ ಬರುತ್ತದೆ). ಫಾರಂ 16. ನಿಮ್ಮ ಹೆಸರಿನಲ್ಲಿರುವ ಎಲ್ಲಾ ಬ್ಯಾಂಕ್, ಪೋಸ್ಟಾಫೀಸ್, ಸೊಸೈಟಿ ಖಾತೆಗಳ ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ಸ್ಟೇಟ್‌ಮೆಂಟ್. ಮನೆ ಬಾಡಿಗೆ ಬರುತ್ತಿದ್ದರೆ ಅದರ ವಿವರ, ಕಂದಾಯದ ರಸೀದಿ. ಮನೆ ಸಾಲದ ಬಡ್ಡಿ ಪತ್ರ. ಈ ವರ್ಷ ಸೈಟು, ಚಿನ್ನ, ಷೇರು, ಮ್ಯೂಚುವಲ್ ಫಂಡ್ ಏನಾದರೂ ಮಾರಿದ್ದರೆ ಮೊದಲೇ ತಿಳಿಸಿ.’

ಸೊಸೈಟಿ ಅಂತ ಬೇರೆ ಬರೆದಿರುವುದು ಸುಮ್ನೆ ಅಲ್ಲ. ಬ್ಯಾಂಕ್ ಅಂದರೆ ಜನ ಬ್ಯಾಂಕಿನ ಪಾಸ್‌ಬುಕ್ ಮಾತ್ರ ತರುತ್ತಾರೆ. ಪತ್ತಿನ ಸಹಕಾರ ಸಂಘದಲ್ಲಿಟ್ಟ ಠೇವಣಿ ಅವರ ಮಟ್ಟಿಗೆ ಬೇರೆಯೇ ಗಂಟು.

ಕಾಗದದ ಜೊತೆಗೆ ಒಂದು ಪುಟದ ಒಪ್ಪಿಗೆ ಪತ್ರಕ್ಕೂ ಸಹಿ ಹಾಕಿಸಿ. ಕನ್ನಡದಲ್ಲೇ ಇರಲಿ: ‘ನನ್ನ ಆದಾಯ, ಉಳಿತಾಯದ ಎಲ್ಲಾ ವಿವರ ಕೊಟ್ಟಿದ್ದೇನೆ. ದಾಖಲೆ ಇಲ್ಲದ ಕಡಿತವನ್ನು ನನ್ನ ಪರವಾಗಿ ತೋರಿಸಬಾರದು. ಸಲ್ಲಿಸುವ ಮೊದಲು ರಿಟರ್ನಿನ ಪ್ರತಿ ಓದಿ ಒಪ್ಪಿದ್ದೇನೆ. ನೋಟಿಸ್ ಬಂದರೆ ತಕ್ಷಣ ತಿಳಿಸುತ್ತೇನೆ.’ ಕೆಳಗೆ ಫೀಸು, ದಿನಾಂಕ, ಸಹಿ. ನೆಂಟರಾದರೂ ಸರಿ. ನೆಂಟರಾದರೆ ಇನ್ನೂ ಸರಿ.

ಒಂದು ರಿಟರ್ನ್, ಮೊದಲಿನಿಂದ ಕೊನೆಯ ತನಕ

ಏಪ್ರಿಲ್‌ನಲ್ಲೇ ‘ಬೇಗ ಮುಗಿಸಿಬಿಡಿ’ ಅನ್ನುವವರಿರುತ್ತಾರೆ. ಅವಸರ ಬೇಡ. ಬ್ಯಾಂಕು, ಕಂಪನಿಗಳು ಕೊನೆಯ ಮೂರು ತಿಂಗಳ ಟಿಡಿಎಸ್ (ಕೊಡುವಾಗಲೇ ಹಿಡಿದ ತೆರಿಗೆ) ಲೆಕ್ಕ ಸಲ್ಲಿಸಲು ಮೇ 31ರ ತನಕ ಸಮಯ ಇದೆ. ಫಾರಂ 16 ಕೊಡಲು ಜೂನ್ 15ರ ತನಕ. ಅಲ್ಲಿಯವರೆಗೆ ಎಐಎಸ್ ಅರ್ಧಂಬರ್ಧ ಇರುತ್ತದೆ. ಸಂಬಳ, ಪಿಂಚಣಿಯವರ ಗಡುವು ಜುಲೈ 31. ಅಂದರೆ ನಿಮ್ಮ ಕೆಲಸದ ಕಾಲ ಹೆಚ್ಚುಕಡಿಮೆ ಆರು ವಾರ. ಅದನ್ನು ನೋಡಿಕೊಂಡು ನಿಮ್ಮ ರಜೆ ಉಳಿಸಿಟ್ಟುಕೊಳ್ಳಿ.

ಈಗ ಒಂದು ಉದಾಹರಣೆ ತೆಗೆದುಕೊಳ್ಳೋಣ. ಕುವೆಂಪುನಗರದ ಒಬ್ಬ ನಿವೃತ್ತ ಶಿಕ್ಷಕಿ, ವಯಸ್ಸು 67. ಪಿಂಚಣಿ 6,20,000. ‘ಬೇರೇನೂ ಇಲ್ಲಪ್ಪ, ಒಂದು ಎಫ್‌ಡಿ ಇದೆ ಅಷ್ಟೆ’ ಅನ್ನುತ್ತಾರೆ.

ಪೋರ್ಟಲ್ಲಿಗೆ ಅವರೇ ಲಾಗಿನ್ ಆಗಲಿ. ಪಾಸ್‌ವರ್ಡ್ ಅವರೇ ಟೈಪ್ ಮಾಡಲಿ, ನೀವು ಬರೆದಿಟ್ಟುಕೊಳ್ಳಬೇಡಿ. ಮೊದಲು ಪ್ರೊಫೈಲ್ ನೋಡಿ. ಅಲ್ಲಿ ಯಾರ ಮೊಬೈಲ್, ಯಾರ ಇಮೇಲ್ ಇದೆ? ಹಿಂದೆ ಫೈಲ್ ಮಾಡಿಕೊಟ್ಟವರ ನಂಬರೇ ಎಷ್ಟೋ ಸಲ ಕೂತಿರುತ್ತದೆ. ನೋಟಿಸ್, ರೀಫಂಡ್ ಸುದ್ದಿ ಎಲ್ಲ ಅಲ್ಲಿಗೆ ಹೋಗಿರುತ್ತದೆ, ಇವರಿಗೆ ಏನೂ ಗೊತ್ತಿರುವುದಿಲ್ಲ. ಅದನ್ನು ತೆಗೆದು ಅವರದ್ದು ಅಥವಾ ಅವರ ಮಕ್ಕಳದ್ದು ಹಾಕಿ. ನಿಮ್ಮದು ಮಾತ್ರ ಬೇಡ. ಪ್ಯಾನ್–ಆಧಾರ್ ಜೋಡಣೆ ಆಗಿದೆಯಾ, ರೀಫಂಡ್ ಬರಬೇಕಾದ ಬ್ಯಾಂಕ್ ಖಾತೆ ವ್ಯಾಲಿಡೇಟ್ ಆಗಿದೆಯಾ ಅಂತಲೂ ಇಲ್ಲೇ ನೋಡಿ.

ಆಮೇಲೆ ಎಐಎಸ್ ಇಳಿಸಿಕೊಳ್ಳಿ. ಪಿಡಿಎಫ್ ತೆರೆಯಲು ಪಾಸ್‌ವರ್ಡ್ ಅಂದರೆ ಪ್ಯಾನ್ ನಂಬರ್ ಸಣ್ಣ ಅಕ್ಷರದಲ್ಲಿ, ಅದರ ಹಿಂದೆಯೇ ಹುಟ್ಟಿದ ದಿನಾಂಕ ಎಂಟು ಅಂಕಿಯಲ್ಲಿ, ನಡುವೆ ಜಾಗ ಬಿಡದೆ. ತೆರೆದರೆ ಎಫ್‌ಡಿ ಬಡ್ಡಿ 1,38,000, ಉಳಿತಾಯ ಖಾತೆಯ ಬಡ್ಡಿ 9,400, ಬ್ಯಾಂಕ್ ಹಿಡಿದ ಟಿಡಿಎಸ್ 13,800. ‘ಒಂದು ಎಫ್‌ಡಿ’ ಅನ್ನುವುದು ಒಂದೇ ಬ್ಯಾಂಕಿನ ಐದು ರಸೀದಿ! ಒಂದೊಂದನ್ನೂ ಸ್ಟೇಟ್‌ಮೆಂಟ್ ಜೊತೆ ಟಿಕ್ ಮಾಡಿ. ಜಂಟಿ ಖಾತೆಯ ಬಡ್ಡಿ ಎರಡು ಸಲ ಬಂದಿದೆಯಾ, ತೀರಿಹೋದ ಯಜಮಾನರ ಖಾತೆಯದ್ದು ಸೇರಿದೆಯಾ ನೋಡಿ. ತಪ್ಪಿದ್ದರೆ ಎಐಎಸ್‌ನಲ್ಲೇ ಫೀಡ್‌ಬ್ಯಾಕ್ ಕೊಡಬಹುದು. ಟಿಡಿಎಸ್ ಮೊತ್ತವನ್ನು ಫಾರಂ 26ಎಎಸ್ (ಹಿಡಿದ, ಕಟ್ಟಿದ ತೆರಿಗೆಯ ಪಟ್ಟಿ) ಜೊತೆಗೂ ಹೋಲಿಸಿ. ಹಾಗೇ ಎಐಎಸ್‌ನಲ್ಲಿ ಇಲ್ಲ ಅಂದ ಮಾತ್ರಕ್ಕೆ ಆದಾಯ ಇಲ್ಲ ಅಂತ ಅಲ್ಲ. ಮೇಲಿನ ಮನೆಯ ಬಾಡಿಗೆ ಅಲ್ಲಿ ಕಾಣುವುದಿಲ್ಲ. ಕೇಳಬೇಕು.

ಲೆಕ್ಕ ಹೀಗೆ. ಪಿಂಚಣಿ 6,20,000ದಲ್ಲಿ 75,000 ಕಳೆದರೆ 5,45,000. ಬಡ್ಡಿ ಎರಡೂ ಸೇರಿ 1,47,400. ಒಟ್ಟು 6,92,400. ಹೊಸ ಪದ್ಧತಿಯಲ್ಲಿ 4 ಲಕ್ಷದ ಮೇಲಿನ 2,92,400ಕ್ಕೆ ಶೇ 5, ಅಂದರೆ 14,620. ಆದಾಯ 12 ಲಕ್ಷದೊಳಗಿರುವುದರಿಂದ ಇಷ್ಟೂ ರಿಬೇಟಿನಲ್ಲಿ ಹೋಗುತ್ತದೆ. ಬ್ಯಾಂಕ್ ಹಿಡಿದ 13,800 ಪೂರ್ತಿ ವಾಪಸ್. ಹಿರಿಯರ ಬಡ್ಡಿ ಒಂದು ಬ್ಯಾಂಕಿನಲ್ಲಿ ವರ್ಷಕ್ಕೆ 1 ಲಕ್ಷ ದಾಟಿದರೆ ಟಿಡಿಎಸ್ ಹಿಡಿಯುತ್ತಾರೆ. ತೆರಿಗೆ ಬೀಳುವುದಿಲ್ಲ ಅನ್ನುವ ಘೋಷಣೆಯನ್ನು ಏಪ್ರಿಲ್‌ನಲ್ಲೇ ಬ್ಯಾಂಕಿಗೆ ಕೊಟ್ಟರೆ ಮುಂದಿನ ವರ್ಷ ಹಿಡಿಯುವುದಿಲ್ಲ ಅಂತ ಅವರಿಗೆ ಹೇಳಿಕೊಡಿ. ಈ ಒಂದು ಸಲಹೆಗೇ ಅವರು ಇನ್ನಿಬ್ಬರು ಗೆಳತಿಯರನ್ನು ಕರೆದುಕೊಂಡು ಬರುತ್ತಾರೆ.

ಸಲ್ಲಿಸುವ ಮೊದಲು ಪ್ರಿಂಟ್ ತೆಗೆದು ಕೈಗೆ ಕೊಡಿ, ಓದಲಿ. ಸಲ್ಲಿಸಿದ ಮೇಲೆ ಆಧಾರ್ ಒಟಿಪಿಯಿಂದ ಇ-ವೆರಿಫೈ (ಆನ್‌ಲೈನ್ ದೃಢೀಕರಣ) ಮಾಡಿಸಿಯೇ ಎದ್ದೇಳಲು ಬಿಡಿ. 30 ದಿನದೊಳಗೆ ಅದು ಆಗದಿದ್ದರೆ ಗಡುವಿನೊಳಗೆ ಹಾಕಿದ್ದೂ ಉಪಯೋಗಕ್ಕೆ ಬರುವುದಿಲ್ಲ. ಆಧಾರಿನಲ್ಲಿ ಹಳೆಯ ನಂಬರ್ ಇದ್ದರೆ ಐಟಿಆರ್-ವಿ ಅನ್ನುವ ದೃಢೀಕರಣ ಪತ್ರದ ಪ್ರಿಂಟ್‌ಗೆ ಸಹಿ ಹಾಕಿಸಿ ಬೆಂಗಳೂರಿನ ಸಿಪಿಸಿಗೆ (ಇಲಾಖೆಯ ರಿಟರ್ನ್ ಪರಿಶೀಲನಾ ಕೇಂದ್ರ) ಸ್ಪೀಡ್ ಪೋಸ್ಟ್ ಮಾಡುವ ದಾರಿಯೂ ಇದೆ.

ಮಂಡ್ಯ ಕಡೆಯ ಲೆಕ್ಕಗಳು

ಮಂಡ್ಯ, ಪಾಂಡವಪುರ, ಮದ್ದೂರಿನಲ್ಲಿ ಕೂತರೆ ಜಮೀನು ಇಲ್ಲದ ಗಿರಾಕಿ ಅಪರೂಪ. ಬರೀ ಕಬ್ಬು, ಭತ್ತ ಬೆಳೆಯುವ ರೈತರಿಗೆ ಸಾಮಾನ್ಯವಾಗಿ ರಿಟರ್ನೇ ಬೇಕಿಲ್ಲ. ಹಾಗಂತ ನೇರ ಹೇಳಿ ಕಳಿಸಿ, ಫೀಸಿಗೋಸ್ಕರ ಹಾಕಿಸಬೇಡಿ. ಗೋಜಲು ಬರುವುದು ಸಂಬಳ ಮತ್ತು ಜಮೀನು ಎರಡೂ ಇರುವವರಲ್ಲಿ.

ಕೃಷಿ ಆದಾಯಕ್ಕೆ ತೆರಿಗೆ ಇಲ್ಲ, ನಿಜ. ಆದರೆ ಅದು 5,000 ದಾಟಿ, ಬೇರೆ ಆದಾಯವೂ ತೆರಿಗೆ ಮಿತಿ ಮೀರಿದ್ದರೆ ದರ ಲೆಕ್ಕ ಹಾಕುವಾಗ ಕೃಷಿ ಆದಾಯವನ್ನೂ ಸೇರಿಸಿಕೊಳ್ಳುತ್ತಾರೆ. ವಿಸಿ ನಾಲೆ ಬಯಲಿನಲ್ಲಿ ಕಬ್ಬಿನ ಗದ್ದೆ ಇರುವ ಒಬ್ಬ ಕಾಲೇಜು ಅಧ್ಯಾಪಕರು. ಡಿಡಕ್ಷನ್ ಕಳೆದು ಸಂಬಳ 13 ಲಕ್ಷ, ಕಬ್ಬಿನಿಂದ ಖರ್ಚು ಕಳೆದು 2 ಲಕ್ಷ. ಮೊದಲು 15 ಲಕ್ಷಕ್ಕೆ ತೆರಿಗೆ ಹಾಕಿ: 1,05,000. ಆಮೇಲೆ 4 ಲಕ್ಷಕ್ಕೆ ಕೃಷಿಯ 2 ಲಕ್ಷ ಸೇರಿಸಿ 6 ಲಕ್ಷಕ್ಕೆ ಹಾಕಿ: 10,000. ವ್ಯತ್ಯಾಸ 95,000, ಶೇ 4 ಸೆಸ್ ಸೇರಿ 98,800. ಕಬ್ಬು ತೋರಿಸದೆ ಹೋಗಿದ್ದರೆ 78,000. ಅಂದರೆ ‘ತೆರಿಗೆ ಇಲ್ಲದ’ ಕಬ್ಬಿನಿಂದ 20,800 ಜಾಸ್ತಿ. ಇವರಿಗೆ ಐಟಿಆರ್-1 ಅಲ್ಲ, ಐಟಿಆರ್-2. ಕೃಷಿ ಆದಾಯ 5 ಲಕ್ಷ ದಾಟಿದರೆ ಜಮೀನಿನ ಜಿಲ್ಲೆ, ವಿಸ್ತೀರ್ಣ, ನೀರಾವರಿಯೋ ಮಳೆಯಾಶ್ರಯವೋ ಅಂತ ಫಾರಂ ಕೇಳುತ್ತದೆ. ಪಹಣಿ, ಕಾರ್ಖಾನೆಯ ಕಬ್ಬಿನ ಬಿಲ್ಲು ಫೈಲಿನಲ್ಲಿರಲಿ.

ಇದಕ್ಕಿಂತ ಗೋಜಲಿನದು ಕೃಷಿಯ ಹಾಗೆ ಕಾಣುವ ಆದಾಯಗಳು. ಡೇರಿಗೆ ಹಾಲು ಹಾಕಿ ಬಂದ ಹಣ ತೆರಿಗೆ ಲೆಕ್ಕದಲ್ಲಿ ಕೃಷಿ ಅಲ್ಲ. ಹಿಪ್ಪುನೇರಳೆ ಸೊಪ್ಪು ಬೆಳೆಯುವುದು ಕೃಷಿ, ಆದರೆ ಹುಳು ಮೇಯಿಸಿ ರಾಮನಗರದ ಮಾರ್ಕೆಟ್ಟಿಗೆ ಹಾಕಿದ ಗೂಡಿನ ಆದಾಯ ಕೃಷಿ ಅಲ್ಲ ಅಂತ ಸುಪ್ರೀಂ ಕೋರ್ಟೇ ಹೇಳಿದೆ. ಆಲೆಮನೆ ಇರುವವರ ವಿಷಯದಲ್ಲಿ ಕಬ್ಬು ಬೆಳೆದ ಭಾಗ ಕೃಷಿ, ಬೆಲ್ಲ ಮಾಡಿ ಬಂದ ಲಾಭ ವ್ಯಾಪಾರ ಅನ್ನುವ ವಾದ ಬರುತ್ತದೆ. ಕಬ್ಬನ್ನು ಕಬ್ಬಾಗಿಯೇ ಮಾರಬಹುದಲ್ಲ, ಅದಕ್ಕೆ. ದೊಡ್ಡ ಆಲೆಮನೆ ಆದರೆ ಸಿಎ ಜೊತೆ ಮಾತಾಡಿ.

ಗೂಡ್ಸ್ ಗಾಡಿ ಇಟ್ಟುಕೊಂಡವರು ಬರುವುದು ಸಾಲಕ್ಕಾಗಿ. ‘ಬ್ಯಾಂಕಲ್ಲಿ ಮೂರು ವರ್ಸದ ಐಟಿ ಕೇಳ್ತಾವ್ರೆ ಸಾ, ಒಸಿ ಮಾಡ್ಕೊಡಿ.’ ಸಣ್ಣ ಗೂಡ್ಸ್ ಗಾಡಿಗೆ ತಿಂಗಳಿಗೆ 7,500 ಅಂತ ಅಂದಾಜು ಲಾಭ ತೋರಿಸಬಹುದು, ಒಂದು ಗಾಡಿಗೆ ವರ್ಷಕ್ಕೆ 90,000. ನಿಜವಾಗಿ ಅದಕ್ಕಿಂತ ಜಾಸ್ತಿ ಬಂದಿದ್ದರೆ ಜಾಸ್ತಿಯೇ ತೋರಿಸಬೇಕು. ಹಳೆಯ ವರ್ಷಗಳ ಮಾಮೂಲಿ ರಿಟರ್ನನ್ನು ಇವತ್ತು ಕೂತು ಹಾಕಲು ಆಗುವುದಿಲ್ಲ. ಅಪ್‌ಡೇಟೆಡ್ ರಿಟರ್ನ್ ಅಂತ ಒಂದು ದಾರಿ ಇದೆ. ಅದಕ್ಕೆ ಷರತ್ತು ಬೇರೆ, ತಡವಾದಷ್ಟೂ ಶೇ 25ರಿಂದ 70ರ ತನಕ ಹೆಚ್ಚುವರಿ ತೆರಿಗೆ ಬೇರೆ. ಸಾಲ ಸಿಗಲಿ ಅಂತ ಇಲ್ಲದ ಆದಾಯ ತೋರಿಸುವುದಂತೂ ಬ್ಯಾಂಕಿಗೆ ಮಾಡುವ ಮೋಸ. ಈ ವರ್ಷದಿಂದ ಸರಿಯಾಗಿ ಹಾಕಿಸಿ ಅಂತ ಹೇಳಿ.

ರೀಫಂಡ್ ಹುಚ್ಚು

‘ನಮ್ಮ ಆಫೀಸಿನವನಿಗೆ 40 ಸಾವಿರ ಬಂತು, ನಂಗೆ ಯಾಕೆ ಬರಲ್ಲ?’ ಈ ಪ್ರಶ್ನೆ ಖಂಡಿತ ಬರುತ್ತದೆ. ಆ 40 ಸಾವಿರದ ಹಿಂದೆ ಕೊಡದ ರಾಜಕೀಯ ದೇಣಿಗೆ, ಇಲ್ಲದ ಕಾಯಿಲೆ, ಸ್ವಂತ ಮನೆಯಲ್ಲಿದ್ದುಕೊಂಡೇ ಕಟ್ಟಿದ ಬಾಡಿಗೆ ಇರಬಹುದು. ಇಲಾಖೆ 2025ರ ಜುಲೈ 14ರಂದು ದೇಶದ 150 ಕಡೆ ಪರಿಶೀಲನೆ ನಡೆಸಿತು. ಅದರ ಗುರಿ ಇಂಥ ಸುಳ್ಳು ಕಡಿತ ತೋರಿಸಿಕೊಡುವವರೇ. ಅದಕ್ಕೂ ಮೊದಲಿನ ನಾಲ್ಕು ತಿಂಗಳಲ್ಲಿ ಸುಮಾರು 40,000 ಜನ ರಿಟರ್ನ್ ತಿದ್ದಿ, 1,045 ಕೋಟಿ ರೂಪಾಯಿಯ ಸುಳ್ಳು ಕ್ಲೇಮ್ ವಾಪಸ್ ತೆಗೆದುಕೊಂಡಿದ್ದರು ಅಂತ ಇಲಾಖೆಯೇ ಹೇಳಿತ್ತು. ಈಗ ಫಾರಂ ಕೂಡ ಪಾಲಿಸಿ ನಂಬರ್, ವಿಮಾ ಕಂಪನಿ ಹೆಸರು, ಸಾಲದ ಖಾತೆ ನಂಬರ್ ಎಲ್ಲ ಕೇಳುತ್ತದೆ. ಸುಳ್ಳು ಲೆಕ್ಕ ಕೊಟ್ಟು ಆದಾಯ ತಪ್ಪಾಗಿ ತೋರಿಸಿದ್ದಕ್ಕೆ ದಂಡ ಆ ತೆರಿಗೆಯ ಎರಡರಷ್ಟು.

ಬಾಡಿಗೆ ಭತ್ಯೆಯ (ಎಚ್‌ಆರ್‌ಎ) ವಿನಾಯಿತಿ ಕೇಳುವವರಿಗೆ ಎರಡು ಮಾತು. ಅದು ಹಳೆಯ ಪದ್ಧತಿಯಲ್ಲಿ ಮಾತ್ರ, ಮೈಸೂರಿಗೆ ಮೂಲ ವೇತನದ ಶೇ 40ರ ಮಿತಿ. ವರ್ಷದ ಬಾಡಿಗೆ 1 ಲಕ್ಷ ದಾಟಿದರೆ ಮನೆ ಮಾಲೀಕರ ಪ್ಯಾನ್ ಬೇಕು. ‘ಅಪ್ಪನಿಗೇ ಬಾಡಿಗೆ ಕೊಡ್ತೀನಿ’ ಅಂದರೆ ಹಣ ಬ್ಯಾಂಕಿನ ಮೂಲಕ ಹೋಗಿರಬೇಕು, ಅಪ್ಪನ ರಿಟರ್ನಿನಲ್ಲೂ ಆ ಬಾಡಿಗೆ ಕಾಣಬೇಕು. ಇಷ್ಟು ಹೇಳಿದ ಮೇಲೂ ‘ಅಡ್ಜಸ್ಟ್ ಮಾಡಿ’ ಅಂದರೆ ಕಾಗದ ವಾಪಸ್ ಕೊಟ್ಟುಬಿಡಿ.

ಫೀಸು

ರೀಫಂಡಿನಲ್ಲಿ ಪರ್ಸೆಂಟೇಜ್ ಕೇಳಬೇಡಿ. ಸುಳ್ಳು ಕಡಿತಕ್ಕೆ ಮೊದಲ ಮೆಟ್ಟಿಲೇ ಅದು. ಕೆಲಸ ನೋಡಿ ದರ ಇಡಿ. ನನ್ನ ಪ್ರಕಾರ ಪಿಂಚಣಿ, ಒಂದು ಫಾರಂ 16 ಇದ್ದರೆ 500ರಿಂದ 600, ಎರಡು ಫಾರಂ 16 ಅಥವಾ ಬಾಡಿಗೆ, ಮನೆ ಸಾಲ ಇದ್ದರೆ 1,000, ಕೃಷಿ ಸೇರಿದ ಐಟಿಆರ್-2, ಗಾಡಿಯವರ ಐಟಿಆರ್-4 ಆದರೆ 1,500. ಮೊದಲ ವರ್ಷ 30 ಜನ, ಸರಾಸರಿ 800 ಅಂದರೆ 24,000. ಫೋನು, ಕಾಗದ, ತಾಳೆ ಎಲ್ಲ ಸೇರಿ ಒಬ್ಬರಿಗೆ ಎರಡು ಗಂಟೆ ಹಿಡಿದರೆ ಗಂಟೆಗೆ 400 ಬಿತ್ತು. ಇದಕ್ಕೇ ಕೆಲಸ ಬಿಡುವ ಯೋಚನೆ ಬೇಡ. ಹಣ ಅವತ್ತೇ ತೆಗೆದುಕೊಳ್ಳಿ, ರಸೀದಿ ಕೊಡಿ. ‘ರೀಫಂಡ್ ಬಂದ್ಮೇಲೆ ಕೊಡ್ತೀನಿ’ ಅನ್ನುವವರು ಬಂದ ಮೇಲೆ ಸಿಗುವುದಿಲ್ಲ.

ಗಿರಾಕಿ ಹುಡುಕಲು ಪಾಂಪ್ಲೆಟ್ ಬೇಡ. ಕುಕ್ಕರಹಳ್ಳಿ ಕೆರೆ ಸುತ್ತ ಬೆಳಗ್ಗೆ ನಡೆಯುವ ಹಿರಿಯರಲ್ಲಿ ಇಬ್ಬರ ಕೆಲಸ ಅಚ್ಚುಕಟ್ಟಾಗಿ ಮಾಡಿಕೊಟ್ಟರೆ ಉಳಿದದ್ದು ಅವರೇ ನೋಡಿಕೊಳ್ಳುತ್ತಾರೆ. ಜುಲೈ 20ರ ನಂತರ ಹೊಸಬರನ್ನು ತೆಗೆದುಕೊಳ್ಳಬೇಡಿ. ಗಡುವು ದಾಟಿದರೆ ಅವರಿಗೆ 5,000 ತನಕ ಲೇಟ್ ಫೀ, ಆದಾಯ 5 ಲಕ್ಷದೊಳಗಿದ್ದರೆ 1,000. ಬೈಗುಳ ಮಾತ್ರ ನಿಮಗೆ.

ಫೈಲ್ ಮಾಡಿದ ಮೇಲೆ

ಆಗಸ್ಟ್‌ನಿಂದ ಇಂಟಿಮೇಷನ್‌ಗಳು ಬರತೊಡಗುತ್ತವೆ. ಬಹುಪಾಲು ‘ನಿಮ್ಮ ಲೆಕ್ಕ, ನಮ್ಮ ಲೆಕ್ಕ ಸರಿ ಇದೆ’ ಅನ್ನುವ ಪತ್ರವೇ. ಗಿರಾಕಿ ಅದನ್ನು ನೋಟಿಸ್ ಅಂದುಕೊಂಡು ರಾತ್ರಿ ಹತ್ತಕ್ಕೆ ಫೋನ್ ಮಾಡುತ್ತಾರೆ. ಸಮಾಧಾನವಾಗಿ ಓದಿ ಹೇಳಿ. ‘ಡಿಫೆಕ್ಟಿವ್’ ಅಂತ ಬಂದರೆ 15 ದಿನದಲ್ಲಿ ಸರಿಪಡಿಸಬೇಕು. ಲೆಕ್ಕ ತಿದ್ದುತ್ತೇವೆ ಅಂತ ಬಂದರೆ ಉತ್ತರಕ್ಕೆ 30 ದಿನ. ಈ ಉತ್ತರಗಳಿಗೆ ಬೇರೆ ಫೀಸು ಇದೆಯಾ ಇಲ್ಲವಾ ಅಂತ ಒಪ್ಪಿಗೆ ಪತ್ರದಲ್ಲೇ ಬರೆದಿರಿ. ನಿಮ್ಮ ತಪ್ಪಿನಿಂದ ಬಂದಿದ್ದರೆ ತೆಗೆದುಕೊಳ್ಳಬೇಡಿ. ಸ್ಕ್ರೂಟಿನಿ (ವಿವರವಾದ ಪರಿಶೀಲನೆ) ನೋಟಿಸ್ ಆದರೆ ಅದೇ ದಿನ ಸಿಎ ಹತ್ತಿರ ಕಳಿಸಿ.

ಒಂದು ಸೀಸನ್ ಮುಗಿದ ಮೇಲೆ ‘ಜಿಎಸ್‌ಟಿಯೂ ಮಾಡಿ’ ಅಂತ ಅಂಗಡಿಯವರು ಕೇಳುತ್ತಾರೆ. ಬಿಕಾಂ ಆದವರು ಜಿಎಸ್‌ಟಿ ಪ್ರಾಕ್ಟೀಷನರ್ ಆಗಿ ನೋಂದಾಯಿಸಿಕೊಂಡು ಪರೀಕ್ಷೆ ಬರೆಯಬಹುದು. ಆದರೆ ಅಲ್ಲಿ ಸಾಮಾನ್ಯ ವ್ಯಾಪಾರಿಗೆ ಪ್ರತಿ ತಿಂಗಳು 11ಕ್ಕೊಂದು, 20ಕ್ಕೊಂದು ಗಡುವು. ಹಗಲು ಇನ್ನೊಂದು ಕೆಲಸ ಇರುವವರಿಗೆ ಅದು ಕುತ್ತಿಗೆಗೆ ಬರುತ್ತದೆ. ಬೇಕೇ ಬೇಕು ಅಂದರೆ ಕಾಂಪೊಸಿಷನ್ ಅನ್ನುವ, ಸಣ್ಣ ವ್ಯಾಪಾರಿಗಳ ಸರಳ ಜಿಎಸ್‌ಟಿ ಪದ್ಧತಿಯಲ್ಲಿರುವ ಒಂದೆರಡು ಅಂಗಡಿ ಹಿಡಿಯಿರಿ. ಅವರಿಗೆ ಮೂರು ತಿಂಗಳಿಗೊಮ್ಮೆ ಲೆಕ್ಕ, ಗಡುವು ಮುಂದಿನ ತಿಂಗಳ 18. ಜೊತೆಗೆ ವರ್ಷಕ್ಕೊಂದು ರಿಟರ್ನ್ ಕೊಟ್ಟರೆ ಆಯಿತು.